ನೆಲದೊಳಗಿನ ನೀರನ್ನು ಅಳೆದವನು

ಬಂಗಾರಪೇಟೆಯ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆಬಾವಿಗಳನ್ನು ನಂಬಿ ಬದುಕಿದ್ದ ಈ ನಾಡು ಈಗ ಕೊಳವೆಬಾವಿಗೆ ಮೊರೆಹೊಕ್ಕಿದೆ. ಒಬ್ಬನ ಹೊಲದಲ್ಲಿ ನೀರು ಚಿಮ್ಮಿದರೆ, ಪಕ್ಕದ ಹೊಲದಲ್ಲಿ ಸಾಲ ಮಾಡಿ ಕೊರೆಸಿದವನಿಗೆ ಬರಿಯ ಕಲ್ಲಿನ ಪುಡಿ ದೊರೆಯುತ್ತದೆ. ಅದನ್ನು ಹಣೆಬರಹವೆಂದು ಸುಮ್ಮನಾಗುವವರೇ ಹೆಚ್ಚು. ನಾನು ಕನ್ನಡ ಪಾಠ ಹೇಳುವವನು. ಆದರೂ ನೆಲದೊಳಗಿನ ನೀರಿಗೂ ಒಂದು ನಿಯಮವುಂಟೆಂದು ತೋರಿಸಿಕೊಟ್ಟ ಹೆನ್ರಿ ಡಾರ್ಸಿಯ ಜೀವನವನ್ನು ಇಲ್ಲಿಯ ವಾಚಕರಿಗೆ ಹೇಳಬೇಕೆಂದು ನನಗೆ ಬಹುಕಾಲದಿಂದ ಆಸೆ.

ಡಾರ್ಸಿ ೧೮೦೩ರಲ್ಲಿ ಫ್ರಾನ್ಸ್ ದೇಶದ ದಿಜೋನ್ ನಗರದಲ್ಲಿ ಜನಿಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ತಾಯಿ ಸಾಲ ಮಾಡಿ ಮಕ್ಕಳನ್ನು ಓದಿಸಿದಳು. ಪ್ಯಾರಿಸಿನಲ್ಲಿ ಎಂಜಿನಿಯರ್ ವಿದ್ಯೆಯನ್ನು ಕಲಿತು ಅವನು ಹುಟ್ಟೂರಿಗೆ ಮರಳಿದಾಗ ಅಲ್ಲಿ ಒಳ್ಳೆಯ ಕುಡಿಯುವ ನೀರಿಗೆ ತತ್ವಾರವಾಗಿತ್ತು. ಸುಮಾರು ೧೨ ಕಿಲೋಮೀಟರ್ ದೂರದ ರೋಜ್ವಾರ್ ಎಂಬ ಚಿಲುಮೆಯಿಂದ ಮುಚ್ಚುಗಾಲುವೆ ಕಟ್ಟಿಸಿ, ೧೮೪೦ರಲ್ಲಿ ಅವನು ನಗರಕ್ಕೆ ನೀರನ್ನು ತಂದನು. ಬೀದಿಯ ನಲ್ಲಿಗಳಲ್ಲಿ ಬಡವರೂ ಬೆಲೆಯಿಲ್ಲದೆ ನೀರು ಹಿಡಿಯುವಂತಾಯಿತು. ತನಗೆ ಸಲ್ಲಬೇಕಾಗಿದ್ದ ದೊಡ್ಡ ಸಂಭಾವನೆಯನ್ನು ಬಿಟ್ಟುಕೊಟ್ಟು, ಪೌರರು ನೀಡಿದ ಚಿನ್ನದ ಪದಕವನ್ನು ಸ್ವೀಕರಿಸಿದನು.

೧೮೪೮ರ ರಾಜಕೀಯ ಕ್ಷೋಭೆಯಲ್ಲಿ ಅವನು ಊರನ್ನು ಬಿಡಬೇಕಾಯಿತು. ಪ್ಯಾರಿಸಿನಲ್ಲಿ ಉನ್ನತ ಪದವಿ ದೊರೆತರೂ ಆರೋಗ್ಯ ಕೆಟ್ಟಿತು. ೧೮೫೫ರಲ್ಲಿ ದಿಜೋನಿಗೆ ಹಿಂದಿರುಗಿ, ಅಲ್ಲಿಯ ಆಸ್ಪತ್ರೆಯಲ್ಲಿ ಒಂದು ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಮರಳು ತುಂಬಿ, ನೀರು ಹಾಯಿಸಿ ಅಳೆಯತೊಡಗಿದನು. ಎರಡು ತುದಿಗಳ ನೀರಿನ ಮಟ್ಟದ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ. ಮರಳಿನ ಪದರ ದಪ್ಪವಾದಷ್ಟೂ ಕುಗ್ಗುತ್ತದೆ. ೧೮೫೬ರಲ್ಲಿ ಪ್ರಕಟವಾದ ದಿಜೋನಿನ ನೀರು ಸರಬರಾಯಿಯ ಗ್ರಂಥಕ್ಕೆ ಈ ಸರಳ ನಿಯಮವನ್ನು ಅನುಬಂಧವಾಗಿ ಸೇರಿಸಿದನು. ೧೮೫೮ರ ಜನವರಿಯಲ್ಲಿ ಅವನು ಕಾಲವಾದನು.

ಆದರೆ ನಮ್ಮ ನೆಲದಡಿಯಲ್ಲಿರುವುದು ಮರಳಲ್ಲ, ಕಗ್ಗಲ್ಲು. ಅಲ್ಲಿ ನೀರಿಗೆ ಬಿರುಕುಗಳೇ ದಾರಿ. ಸನಿಹದ ಕೋಲಾರದ ಗಣಿಯ ಚಿನ್ನವೂ ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ಇಂತಹ ಬಿರುಕುಗಳಲ್ಲಿ ಹರಿದ ಬಿಸಿದ್ರವಗಳು ಬಿಟ್ಟುಹೋದುದೇ. ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೆ ಆ ಸುರಂಗಗಳಲ್ಲಿ ನೀರು ತುಂಬಿತು. ಡಾರ್ಸಿಯ ದಾರಿಯಲ್ಲಿ ಮುಂದುವರಿದ ವಿದ್ವಾಂಸರು, ಬಿರುಕಿನ ಅಗಲ ಇಮ್ಮಡಿಯಾದರೆ ಹರಿವು ಎಂಟುಮಡಿಯಾಗುತ್ತದೆಂದು ಕಂಡುಕೊಂಡರು. ಇಂದು ಬಿರುಕುಗಳ ಬಲೆಯನ್ನೇ ಗಣಕಯಂತ್ರದಲ್ಲಿ ರಚಿಸಿ ನೀರಿನ ನಡೆಯನ್ನು ಲೆಕ್ಕಹಾಕುತ್ತಾರೆ. ಹತ್ತು ಮಾರು ಅಂತರದಲ್ಲಿ ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಸಾಲ ಏಕೆಂಬುದಕ್ಕೆ ಉತ್ತರ ಇಲ್ಲಿದೆ. ಅದು ಯಾರ ಪಾಪದ ಫಲವೂ ಅಲ್ಲ.

ಬಿರುಕಿಗೆ ಹೊಲದ ಬದು ಗೊತ್ತಿಲ್ಲ. ಒಬ್ಬನು ಆಳದಿಂದ ಎಳೆದಷ್ಟೂ ನೆರೆಯವನ ಬಾವಿಯ ಮಟ್ಟ ಇಳಿಯಬಹುದು. ಮಳೆ ಇಂಗದ ನೆಲದಲ್ಲಿ ಯಾವ ಲೆಕ್ಕವೂ ನೀರನ್ನು ಸೃಷ್ಟಿಸಲಾರದು. ದಿಜೋನಿನ ಒಂದು ಚೌಕಕ್ಕೆ ಇಂದಿಗೂ ಡಾರ್ಸಿಯ ಹೆಸರಿದೆ. ನಮ್ಮ ವಿದ್ಯಾರ್ಥಿಗಳು ಅವನ ನಿಯಮದ ಜೊತೆಗೆ, ನೀರು ಎಲ್ಲರದೆಂದು ನಡೆದುಕೊಂಡ ಅವನ ಬಾಳನ್ನೂ ಓದಿದರೆ, ಹೂಳು ತುಂಬಿದ ನಮ್ಮ ಕೆರೆಗಳತ್ತ ಅವರ ಗಮನ ಹರಿಯುವುದೆಂದು ನಂಬಿದ್ದೇನೆ.