ಶ್ರೀರಾಂಪುರದ ಮನೆಯೊಡತಿ ಹನ್ನಾ ಮಾರ್ಷ್‌ಮನ್

ಪಂಕ್ತಿಯಲ್ಲಿ ಕುಳಿತವರು ಉಂಡು ತೃಪ್ತರಾಗಿ ಏಳುತ್ತಾರೆ. ಒಳಗೆ ಒಲೆಯ ಮುಂದೆ ನಿಂತವರ ಹೆಸರನ್ನು ಕೇಳುವವರು ವಿರಳ. ಹಲವು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ನಮಗೆ ಇದು ಹೊಸದಲ್ಲ; ವಾಚಕರಲ್ಲಿ ಅನೇಕರಿಗೂ ಹೊಸದಾಗಿರಲಾರದು. ಇತಿಹಾಸದಲ್ಲಿಯೂ ಹೀಗೆಯೇ. ಬಂಗಾಳದ ಶ್ರೀರಾಂಪುರವೆಂದೊಡನೆ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಎಂಬ ಮೂವರು ಪಾದ್ರಿಗಳ ಹೆಸರು ಕೇಳಿಬರುತ್ತದೆ. ಅವರ ಮನೆಯನ್ನು ನಿಲ್ಲಿಸಿದ ಸಾಧ್ವಿಯನ್ನು ಇಂದು ಸ್ಮರಿಸಬಯಸುತ್ತೇವೆ.

ಹನ್ನಾ ಶೆಪರ್ಡ್ ೧೭೬೭ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಆಕೆಯ ಅಜ್ಜ ಬ್ಯಾಪ್ಟಿಸ್ಟ್ ಪಂಥದ ಪಾದ್ರಿ. ಶಿಶುಗಳಿಗಲ್ಲದೆ, ತಿಳಿದು ನಂಬಿದವರಿಗೆ ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುವ ಕ್ರೈಸ್ತ ಪಂಥವದು. ೧೭೯೧ರಲ್ಲಿ ನೇಕಾರನ ಮಗನಾದ ಜೋಶುವಾ ಅವರನ್ನು ವರಿಸಿದರು. ೧೭೯೯ರಲ್ಲಿ ಎಳೆಯ ಮಕ್ಕಳೊಡನೆ ಹಡಗೇರಿ ಬಂದಾಗ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಮಿಷನರಿಗಳಿಗೆ ಎಡೆಯಿರಲಿಲ್ಲ. ಹೂಗ್ಲಿ ನದಿಯ ದಡದಲ್ಲಿ ಡೇನರ ಆಡಳಿತದಲ್ಲಿದ್ದ ಶ್ರೀರಾಂಪುರವೇ ಆಶ್ರಯವಾಯಿತು. ತಿಂಗಳೊಳಗೆ ಸಂಗಡಿಗರಲ್ಲೊಬ್ಬರಾದ ಗ್ರಾಂಟ್ ತೀರಿಕೊಂಡರು.

೧೮೦೦ರ ಜನವರಿಯಲ್ಲಿ ಕೇರಿಯವರ ಸಂಸಾರವೂ ಬಂದು ಸೇರಿತು. ಎಲ್ಲರ ಗಳಿಕೆಗೂ ಒಂದೇ ಥೈಲಿ, ಎಲ್ಲರ ಊಟಕ್ಕೂ ಒಂದೇ ಮೇಜು ಎಂಬ ಕಟ್ಟಳೆಯಾಯಿತು. ಕೇರಿಯವರ ಪತ್ನಿ ಚಿತ್ತಸ್ವಾಸ್ಥ್ಯ ಕಳೆದುಕೊಂಡಿದ್ದುದರಿಂದ ಅವರ ನಾಲ್ವರು ಗಂಡುಮಕ್ಕಳು ಹೇಳುವವರಿಲ್ಲದೆ ಬೆಳೆದಿದ್ದರು. ಆ ಮಕ್ಕಳಿಗೆ ಹನ್ನಾ ತಾಯಿಯಂತಾದರು. ಅದೇ ವರುಷ ಮೇ ೧ರಂದು ದಂಪತಿಗಳು ವಸತಿಶಾಲೆಗಳನ್ನು ತೆರೆದರು. ಅವುಗಳ ಆದಾಯ ಆ ದೊಡ್ಡ ಕುಟುಂಬಕ್ಕೂ ಅದರ ಕಾರ್ಯಗಳಿಗೂ ಊರುಗೋಲಾಯಿತು. ಮುಂದೆ ಬಂಗಾಳಿ ಹೆಣ್ಣುಮಕ್ಕಳ ವಿದ್ಯೆಗೂ ಆಕೆ ದುಡಿದರು. ಆ ಊರಿನ ಮುದ್ರಣಾಲಯದಿಂದಲೇ ೧೮೧೭ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಹೊರಬಂದಿತೆಂಬುದನ್ನು ಕನ್ನಡಿಗರು ಮರೆಯಲಾಗದು.

ಆಕೆ ಹೆತ್ತ ಮಕ್ಕಳು ಹನ್ನೆರಡು. ತಂದೆಯ ಮರಣದವರೆಗೆ ಉಳಿದವರು ಐವರು ಮಾತ್ರ. ಪರರ ಮಕ್ಕಳಿಗೆ ಬಡಿಸುತ್ತಲೇ ತನ್ನ ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಿಯ ಅಳಲನ್ನು ಅಳೆಯಬಲ್ಲವರು ಯಾರು? ಹಿರಿಯ ಮಗ ಜಾನ್ ಕ್ಲಾರ್ಕ್ ೧೮೧೮ರಲ್ಲಿ ಸಮಾಚಾರ ದರ್ಪಣವೆಂಬ ಬಂಗಾಳಿ ಪತ್ರಿಕೆಯ ಸಂಪಾದಕರಾದರು. ತಾಯಿಯ ಹೆಸರನ್ನೇ ಹೊತ್ತ ಮಗಳು ೧೮೨೯ರಲ್ಲಿ ಹೆನ್ರಿ ಹ್ಯಾವ್‌ಲಾಕ್ ಎಂಬ ಸೇನಾಧಿಕಾರಿಯ ಕೈಹಿಡಿದಳು. ಮರುವರ್ಷ ಮೊಮ್ಮಗ ಹುಟ್ಟಿದನು. ಮುಂದೆ ೧೮೫೭ರಲ್ಲಿ ಆ ಅಳಿಯ ಲಕ್ನೋದಲ್ಲಿ ಮಡಿದುದನ್ನು ಕಾಣಲು ಆಕೆ ಉಳಿದಿರಲಿಲ್ಲ.

ಆದರೆ ಬದುಕಿದ್ದಾಗಲೇ ಕಾಣಬೇಕಾದ ಕಹಿ ಬೇರೆಯಿತ್ತು. ಇಂಗ್ಲೆಂಡಿನಿಂದ ಬಂದ ಕಿರಿಯ ಮಿಷನರಿಗಳಿಗೂ ಹಿರಿಯರಿಗೂ ವೈಮನಸ್ಯ ಬೆಳೆಯಿತು. ಮಾರ್ಷ್‌ಮನ್ನರು ಹಣ ಕೂಡಿಸುತ್ತಾರೆಂಬ ಆಕ್ಷೇಪಣೆ ಹುಟ್ಟಿತು. ಗಳಿಕೆಯ ಬಹುಭಾಗವನ್ನು ಸಾಮಾನ್ಯ ಥೈಲಿಗೆ ಸುರಿದವರಿಗೇ ಈ ಮಾತು! ೧೮೨೭ರಲ್ಲಿ ಶ್ರೀರಾಂಪುರವು ಲಂಡನ್ನಿನ ಸಂಘದಿಂದ ಬೇರ್ಪಟ್ಟಿತು. ಆದರೂ ಆಕೆ ಆ ನದಿಯ ದಡವನ್ನು ಬಿಡಲಿಲ್ಲ. ೧೮೩೭ರಲ್ಲಿ ಪತಿಯನ್ನು ಕಳೆದುಕೊಂಡು, ಮತ್ತೆ ಒಂಬತ್ತು ವರುಷಕ್ಕೂ ಹೆಚ್ಚು ಕಾಲ ಬಾಳಿ, ೧೮೪೭ರಲ್ಲಿ ಎಂಬತ್ತರ ಅಂಚಿನಲ್ಲಿ ಶ್ರೀರಾಂಪುರದಲ್ಲಿಯೇ ಕಣ್ಮುಚ್ಚಿದರು.

ಆಕೆಯ ಮತ ಬೇರೆ, ನಾಡು ಬೇರೆ. ಆದರೆ ಊರು ಬಿಟ್ಟು ಬಂದು, ಪರರ ಹೊಟ್ಟೆಗೆ ಅನ್ನವಿಕ್ಕಿ, ಹೆಸರನ್ನು ಬಯಸದೆ ದುಡಿಯುವ ಬಾಳು ನಮ್ಮವರಿಗೆ ಪರಕೀಯವಲ್ಲ. ಗಲ್ಲಾಪೆಟ್ಟಿಗೆಯ ಮುಂದಿದ್ದಾಗ ನಾವೂ ಒಳಗಿನವರ ಹೆಸರನ್ನು ಎಷ್ಟೋ ದಿನ ಕೇಳದೆ ಹೋದೆವು. ಆ ಋಣದ ನೆನಪಿನಿಂದಲೇ ಈ ಹೆಸರನ್ನು ವಾಚಕರ ಮುಂದಿಟ್ಟಿದ್ದೇವೆ.