ಮೊಲದ ಕಥೆಯ ಹಣದಲ್ಲಿ ಬೆಟ್ಟ ಉಳಿಸಿದ ಬಿಯಾಟ್ರಿಕ್ಸ್ ಪಾಟರ್

ನೀಲಿ ಕೋಟು ತೊಟ್ಟ ತುಂಟ ಮೊಲ ಪೀಟರ್ ರ‍್ಯಾಬಿಟ್ ಮಕ್ಕಳಿರುವ ಎಷ್ಟೋ ಮನೆಗಳಿಗೆ ಪರಿಚಿತ. ಆದರೆ ಆ ಮೊಲವನ್ನು ಸೃಷ್ಟಿಸಿದ ಬಿಯಾಟ್ರಿಕ್ಸ್ ಪಾಟರ್ ಪುಸ್ತಕಗಳಿಂದ ಬಂದ ಹಣವನ್ನು ಏನು ಮಾಡಿದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಅವರು ಬೆಟ್ಟದ ಜಮೀನು ಕೊಳ್ಳುತ್ತಾ ಹೋದರು. ತೀರಿಕೊಂಡಾಗ 4,000ಕ್ಕೂ ಹೆಚ್ಚು ಎಕರೆಯನ್ನು ಮುಂದಿನ ಪೀಳಿಗೆಗೆ ಬಿಟ್ಟುಹೋದರು.

ರಜೆಯಲ್ಲಿ ಸಿಕ್ಕ ಊರು

ಬಿಯಾಟ್ರಿಕ್ಸ್ ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನ ಶ್ರೀಮಂತ ಕುಟುಂಬದಲ್ಲಿ. ಶಾಲೆಗೆ ಹೋಗಲಿಲ್ಲ, ಮನೆಯಲ್ಲೇ ಪಾಠ. ಮೊಲ, ಇಲಿ, ಮುಳ್ಳುಹಂದಿಗಳೇ ಒಡನಾಡಿಗಳು. ಅವುಗಳನ್ನು ನೋಡುತ್ತಲೇ ಚಿತ್ರ ಬರೆಯುವುದನ್ನು ಕಲಿತರು.

1882ರ ಬೇಸಿಗೆ ರಜೆಗೆ ಕುಟುಂಬವು ಇಂಗ್ಲೆಂಡಿನ ವಾಯವ್ಯ ಭಾಗದ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಯಿತು. ಸರೋವರಗಳು, ಬೋಳು ಬೆಟ್ಟಗಳು, ಕಲ್ಲಿನ ಗೋಡೆಗಳು, ಕುರಿಗಳ ನಾಡು ಅದು. 16ರ ಹುಡುಗಿಗೆ ಅಲ್ಲಿ ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿಯ ಪರಿಚಯವಾಯಿತು. ಮುಂದೆ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ ಮೂವರಲ್ಲಿ ಅವರೂ ಒಬ್ಬರು. ಚೆಲುವಾದ ಜಾಗಗಳನ್ನು, ಹಳೆಯ ಕಟ್ಟಡಗಳನ್ನು ಜನರಿಗಾಗಿ ಕಾಯ್ದಿಡುವುದೇ ಈ ಸಂಸ್ಥೆಯ ಕೆಲಸ.

ದುಃಖದ ವರ್ಷದಲ್ಲಿ ಮೊದಲ ತೋಟ

ಕಾಯಿಲೆ ಬಿದ್ದಿದ್ದ ಪುಟ್ಟ ಹುಡುಗನೊಬ್ಬನಿಗೆ 1893ರಲ್ಲಿ ಬರೆದ ಸಚಿತ್ರ ಪತ್ರವೇ ಪೀಟರ್ ರ‍್ಯಾಬಿಟ್ ಕಥೆಯ ಮೂಲ. ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಕಂಪನಿ ಅದನ್ನು ಪ್ರಕಟಿಸಿತು, ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು.

ಅದೇ ಕಂಪನಿಯ ನಾರ್ಮನ್ ವಾರ್ನ್ ಜೊತೆ 1905ರಲ್ಲಿ ಮದುವೆ ನಿಶ್ಚಯವಾಯಿತು. ವ್ಯಾಪಾರ ಮಾಡುವವನಿಗೆ ಮಗಳನ್ನು ಕೊಡಲು ಹೆತ್ತವರಿಗೆ ಮನಸ್ಸಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ನಾರ್ಮನ್ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷ ಬಿಯಾಟ್ರಿಕ್ಸ್ ಪುಸ್ತಕದ ರಾಯಲ್ಟಿ ಮತ್ತು ಚಿಕ್ಕಮ್ಮನೊಬ್ಬರು ಬಿಟ್ಟುಹೋದ ಸ್ವಲ್ಪ ಹಣ ಸೇರಿಸಿ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹಿಲ್ ಟಾಪ್ ಎಂಬ ಸಣ್ಣ ತೋಟ ಕೊಂಡರು. ಲಂಡನ್ನಿನಿಂದ ಬಂದ ಹೆಂಗಸೆಂದು ಅವರಿಂದ ಹೆಚ್ಚು ಬೆಲೆಯನ್ನೇ ವಸೂಲಿ ಮಾಡಲಾಗಿತ್ತು.

ಆಮೇಲೆ ಜಮೀನು ವ್ಯವಹಾರಕ್ಕೆ ಸ್ಥಳೀಯ ವಕೀಲ ವಿಲಿಯಂ ಹೀಲಿಸ್ ನೆರವಾದರು. 1913ರಲ್ಲಿ, 47ನೇ ವಯಸ್ಸಿನಲ್ಲಿ, ಬಿಯಾಟ್ರಿಕ್ಸ್ ಅವರನ್ನೇ ಮದುವೆಯಾದರು. ಊರಿನವರಿಗೆ ಅವರು ಲೇಖಕಿಯಲ್ಲ, ಮಿಸೆಸ್ ಹೀಲಿಸ್. ಅದಕ್ಕೂ ಮುಂಚೆ ವಿಂಡರ್‌ಮಿಯರ್ ಸರೋವರದ ದಡಕ್ಕೆ ವಿಮಾನ ಕಾರ್ಖಾನೆ ಬರುವ ಸುದ್ದಿ ಹಬ್ಬಿದಾಗ ಪತ್ರ ಬರೆದು, ಸಹಿ ಸಂಗ್ರಹಿಸಿ ವಿರೋಧಿಸಿದ್ದರು.

ಕುರಿ ಇದ್ದರೆ ಬೆಟ್ಟ

ಬೆಟ್ಟದ ತೋಟಗಳು ಕೈಬದಲಾದಾಗ ಅವು ತುಂಡು ತುಂಡಾಗಿ ಬಂಗಲೆ ಕಟ್ಟುವವರ ಪಾಲಾಗುವ ಭಯವಿತ್ತು. ಅಂಥದ್ದೇ ಅಪಾಯದಲ್ಲಿದ್ದ ಟ್ರೌಟ್‌ಬೆಕ್ ಪಾರ್ಕ್ ಎಂಬ ದೊಡ್ಡ ಕುರಿ ಫಾರ್ಮನ್ನು 1923ರಲ್ಲಿ ಕೊಂಡರು. ಅಲ್ಲಿನ ಕುರಿಗಳಿಗೆ ಜಂತುರೋಗ ಹತ್ತಿತ್ತು. ಒಳ್ಳೆಯ ಕುರಿಗಾಹಿಗಳನ್ನು ನೇಮಿಸಿ, ಔಷಧಿ ಕೊಡಿಸಿ ಮಂದೆಯನ್ನು ಮತ್ತೆ ಕಟ್ಟಿದರು.

ಆ ಬೆಟ್ಟಗಳ ಹರ್ಡ್‌ವಿಕ್ ಕುರಿಗೆ ಒಂದು ವಿಶೇಷವಿದೆ. ಬೇಲಿಯಿಲ್ಲದ ಬೆಟ್ಟದಲ್ಲಿ ತನ್ನ ಮಂದೆಯ ಮೇವಿನ ಜಾಗ ಎಲ್ಲಿಯವರೆಗೆ ಎಂಬುದು ಅದಕ್ಕೆ ಗೊತ್ತು. ಮರಿ ಅದನ್ನು ತಾಯಿಯ ಹಿಂದೆ ಅಡ್ಡಾಡುತ್ತಾ ಕಲಿಯುತ್ತದೆ. ಮಂದೆಯನ್ನು ಒಮ್ಮೆ ಮಾರಿಬಿಟ್ಟರೆ ಆ ಅರಿವು ಅಲ್ಲಿಗೇ ಮುಗಿಯಿತು. ಹೊಸ ಕುರಿ ತಂದು ಬಿಟ್ಟರೆ ಅದಕ್ಕೆ ಗಡಿಯೇ ತಿಳಿಯದು. ಬಿಯಾಟ್ರಿಕ್ಸ್ ಇದನ್ನು ಚೆನ್ನಾಗಿ ಅರಿತಿದ್ದರು. ಜಾಗಕ್ಕೆ ಬೀಗ ಹಾಕಿದರೆ ಸಾಲದು, ಕುರಿ, ಕಲ್ಲುಗೋಡೆ, ಉಳುವ ಗೇಣಿದಾರ ಎಲ್ಲವೂ ಇದ್ದರೆ ಮಾತ್ರ ಆ ನಾಡು ಉಳಿಯುತ್ತದೆ ಎಂಬುದೇ ಅವರ ಕೆಲಸದ ತಿರುಳು.

1930ರಲ್ಲಿ ಸುಮಾರು 4,000 ಎಕರೆಯ ಮಾಂಕ್ ಕಾನಿಸ್ಟನ್ ಎಸ್ಟೇಟ್ ಮಾರಾಟಕ್ಕೆ ಬಂತು. ಟ್ರಸ್ಟ್ ಬಳಿ ಆಗ ಅಷ್ಟು ಹಣವಿರಲಿಲ್ಲ. ಬಿಯಾಟ್ರಿಕ್ಸ್ ಪೂರ್ತಿ ಕೊಂಡು, ಅರ್ಧವನ್ನು ಅಸಲು ಬೆಲೆಗೇ ಟ್ರಸ್ಟ್‌ಗೆ ಕೊಟ್ಟರು. ಆ ಅರ್ಧದ ಉಸ್ತುವಾರಿಯನ್ನೂ ಕೆಲವು ವರ್ಷ ತಾವೇ ನೋಡಿಕೊಂಡರು.

ಉಯಿಲಿನಲ್ಲಿ ಕುರಿಗೂ ಜಾಗ

ಹರ್ಡ್‌ವಿಕ್ ಸಾಕಣೆದಾರರ ಸಂಘ 1943ರಲ್ಲಿ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಸ್ಥಾನಕ್ಕೆ ಆಯ್ಕೆಯಾದ ಮೊದಲ ಮಹಿಳೆ ಅವರೇ. ಆದರೆ ಅಧಿಕಾರ ವಹಿಸಿಕೊಳ್ಳುವ ಮೊದಲೇ, ಅದೇ ಡಿಸೆಂಬರ್ 22ರಂದು ಕೊನೆಯುಸಿರೆಳೆದರು. ಚಿತಾಭಸ್ಮವನ್ನು ಅವರ ಕುರಿಗಾಹಿ ಟಾಮ್ ಸ್ಟೋರಿ ಬೆಟ್ಟದಲ್ಲಿ ಚೆಲ್ಲಿ, ಜಾಗವನ್ನು ಗುಟ್ಟಾಗಿಟ್ಟರು.

14 ತೋಟಗಳನ್ನು ಅವರು ಟ್ರಸ್ಟ್‌ಗೆ ಬರೆದಿಟ್ಟಿದ್ದರು. ಬೆಟ್ಟದ ತೋಟಗಳಲ್ಲಿ ಹರ್ಡ್‌ವಿಕ್ ಮಂದೆಗಳೇ ಮುಂದುವರಿಯಬೇಕು ಎಂಬ ಷರತ್ತೂ ಉಯಿಲಿನಲ್ಲಿತ್ತು. ಲೇಕ್ ಡಿಸ್ಟ್ರಿಕ್ಟ್ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು. ನಮ್ಮ ಪಶ್ಚಿಮ ಘಟ್ಟಕ್ಕೆ ಆ ಗೌರವ 2012ರಲ್ಲೇ ಸಿಕ್ಕಿದೆ.

ವಾರಾಂತ್ಯಕ್ಕೆ ಲೋಣಾವಳ ಕಡೆಗೋ, ರಜೆಗೆ ಕೊಡಗಿಗೋ ಹೋದಾಗ ದಾರಿಯಲ್ಲಿ ಸೈಟ್ ಮಾರಾಟದ ಬೋರ್ಡ್ ಕಂಡರೆ ಈ ಅಜ್ಜಿಯನ್ನು ನೆನೆಯಿರಿ. ಬೆಟ್ಟ ಮಾರಾಟಕ್ಕೆ ಬಂದಾಗಲೆಲ್ಲ ಅವರೂ ಕೊಂಡರು. ಆದರೆ ಕೊಂಡಿದ್ದನ್ನು ಕುರಿಗಳ ಸಮೇತ ಊರಿಗೇ ಉಳಿಸಿ ಹೋದರು.