ಪಿ.ಎನ್. ಬೋಸ್: ಕುರ್ಚಿ ತಪ್ಪಿಸಿದರು, ಕಬ್ಬಿಣ ತಪ್ಪಿಸಲಾಗಲಿಲ್ಲ

ಖನಿಜ ಸಂಸ್ಕರಣೆಯಲ್ಲಿ ಎಂ.ಟೆಕ್ ಮಾಡ್ತಿದ್ದೀನಿ ಅಂದರೆ ಸಂಡೂರು ಕಡೆಯ ನಮ್ಮೂರಲ್ಲಿ ಎಲ್ಲರೂ ಕೇಳೋದು ಒಂದೇ: ಯಾವ ಗಣಿ ಕಂಪನಿ ಸೇರ್ತೀಯ ಅಂತ. ಕೇಳೋದರಲ್ಲಿ ತಪ್ಪೇನಿಲ್ಲ, ಮನೆಗೆ ಸಂಬಳ ಬೇಕು. ಆದರೆ ಅದಿರನ್ನು ಪುಡಿ ಮಾಡಿ, ಜರಡಿ ಹಿಡಿದು, ಅದರಲ್ಲಿ ಎಷ್ಟು ಪರ್ಸೆಂಟ್ ಕಬ್ಬಿಣ ಇದೆ ಅಂತ ಲೆಕ್ಕ ಹಾಕೋಕೆ ಕಲಿಯುವ ನಮಗೆ, ಆ ಲೆಕ್ಕ ಕೊನೆಗೆ ಯಾರ ಕೈ ಸೇರುತ್ತೆ ಅನ್ನೋದನ್ನು ಯಾವ ಸೆಮಿಸ್ಟರಿನಲ್ಲೂ ಹೇಳಿಕೊಡಲ್ಲ. ಆ ಪಾಠವನ್ನು ನಾನು ಕಲಿತದ್ದು 1934ರಲ್ಲಿ ತೀರಿಕೊಂಡ ಒಬ್ಬ ಬಂಗಾಳಿಯ ಬದುಕಿನಿಂದ. ಅವರ ಹೆಸರು ಪ್ರಮಥನಾಥ ಬೋಸ್.

ಬೋಸ್ ಹುಟ್ಟಿದ್ದು 1855ರಲ್ಲಿ, ಬಂಗಾಳದ ಗೋಬರ್‌ಡಾಂಗಾ ಹತ್ತಿರದ ಹಳ್ಳಿಯಲ್ಲಿ. 1874ರಲ್ಲಿ ಗಿಲ್‌ಕ್ರಿಸ್ಟ್ ಸ್ಕಾಲರ್‌ಶಿಪ್ ಗೆದ್ದು ಲಂಡನ್‌ಗೆ ಹೋದರು. 1878ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಯಿತು, ಮರುವರ್ಷ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನ ಓದೂ ಮುಗಿಯಿತು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅದೇ ಅವರ ಪಿ.ಜಿ. ಆ ಸಂಸ್ಥೆ ಶುರುವಾದದ್ದು 1851ರಲ್ಲಿ. ನಮ್ಮ ಜಿಯಲಾಜಿಕಲ್ ಸರ್ವೇ ಆಫ್ ಇಂಡಿಯಾ ಶುರುವಾದದ್ದೂ ಅದೇ ವರ್ಷ. ಸಾಮ್ರಾಜ್ಯಕ್ಕೆ ಕಲ್ಲಿದ್ದಲು ಬೇಕಿತ್ತು, ಅದು ಎಲ್ಲಿ ಸಿಗುತ್ತೆ ಅಂತ ಹೇಳಬಲ್ಲವರೂ ಬೇಕಿತ್ತು.

1880ರಲ್ಲಿ ಬೋಸ್ ಸರ್ವೇಗೆ ಸೇರಿದರು. ಅಲ್ಲಿ ಅಧಿಕಾರಿ ದರ್ಜೆಯ ಹುದ್ದೆಗೆ ನೇಮಕವಾದ ಮೊದಲ ಭಾರತೀಯ ಅವರೇ. ಕಾಡು, ಗುಡ್ಡ, ನದಿ ಕಣಿವೆ ಅಂತ ಅಲೆದರು, ನಕ್ಷೆ ಬರೆದರು. 1887ರಲ್ಲಿ ರಾಯಪುರ ಜಿಲ್ಲೆಯ ಪಶ್ಚಿಮ ಭಾಗದ ಕಬ್ಬಿಣದ ಉದ್ಯಮದ ಬಗ್ಗೆ ಅವರ ವರದಿ ಬಂತು. ಧಲ್ಲಿ-ರಾಜಹರಾ ಬೆಟ್ಟಗಳ ಅದಿರನ್ನು ದಾಖಲಿಸಿದವರು ಅವರು. ಇಲ್ಲೊಂದು ಮಾತು ಗಮನಿಸಿ. ಆಗ ಅಲ್ಲಿ ದೊಡ್ಡ ಕಾರ್ಖಾನೆ ಯಾವುದೂ ಇರಲಿಲ್ಲ. ಮಧ್ಯ ಭಾರತದಲ್ಲಿ ಅಗರಿಯಾದಂಥ ಸಮುದಾಯಗಳು ಮಣ್ಣಿನ ಕುಲುಮೆ ಕಟ್ಟಿ, ಇದ್ದಿಲು ಹಾಕಿ, ತಿದಿ ಊದಿ ಕಬ್ಬಿಣ ತೆಗೆಯುತ್ತಿದ್ದವು. ಅಂದರೆ ಆ ಬೆಟ್ಟದಲ್ಲಿ ಕಬ್ಬಿಣ ಇದೆ ಅನ್ನೋದು ಊರಿಗೆಲ್ಲ ಗೊತ್ತಿತ್ತು, ಸರ್ಕಾರದ ಕಾಗದಕ್ಕೆ ಗೊತ್ತಿರಲಿಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದ ಮೇಲೆ, 1903ರಲ್ಲಿ ಸರ್ವೇಯ ನಿರ್ದೇಶಕರ ಕುರ್ಚಿ ಖಾಲಿಯಾಯಿತು. ಅದು ಸಿಕ್ಕಿದ್ದು ಥಾಮಸ್ ಹಾಲೆಂಡ್‌ಗೆ. ಹಾಲೆಂಡ್ ಸಾಮಾನ್ಯ ವಿಜ್ಞಾನಿ ಅಲ್ಲ, ನಿಜ. ಆದರೆ ಸೇವೆಯಲ್ಲಿ ಬೋಸ್‌ಗಿಂತ 10 ವರ್ಷ ಕಿರಿಯ, ವಯಸ್ಸಿನಲ್ಲಿ ಇನ್ನೂ ಚಿಕ್ಕವರು. ಲಂಡನ್‌ನ ಅದೇ ಓದು, ಅದೇ ಕೆಲಸ, ಚರ್ಮದ ಬಣ್ಣ ಮಾತ್ರ ಬೇರೆ. ಮೆರಿಟ್ ಅನ್ನೋ ಪದವನ್ನು ಇವತ್ತು ಕಂಡಕಂಡಲ್ಲಿ ಬಳಸುವವರು ಈ ಕತೆಯನ್ನು ಒಮ್ಮೆ ಓದಬೇಕು. ಬೋಸ್ ತಲೆ ತಗ್ಗಿಸಿ ಕೂರಲಿಲ್ಲ, ಕೆಲಸ ಬಿಟ್ಟು ಹೊರಬಂದರು.

ಹೊರಬಂದವರು ಇವತ್ತಿನ ಒಡಿಶಾದಲ್ಲಿರುವ ಮಯೂರ್‌ಭಂಜ್ ಸಂಸ್ಥಾನದಲ್ಲಿ ಭೂವಿಜ್ಞಾನಿಯಾಗಿ ಸೇರಿದರು. ಅಲ್ಲಿನ ಗೋರುಮಹಿಸಾನಿ ಬೆಟ್ಟದಲ್ಲಿ ಉತ್ತಮ ದರ್ಜೆಯ ಕಬ್ಬಿಣದ ಅದಿರು ಕಂಡರು. 1904ರ ಫೆಬ್ರವರಿ 24ರಂದು ಜಮ್‌ಶೇಟ್‌ಜಿ ಟಾಟಾ ಅವರಿಗೆ ಪತ್ರ ಬರೆದು ವಿಷಯ ತಿಳಿಸಿದರು. ಟಾಟಾ ಕಡೆಯವರು ಧಲ್ಲಿ-ರಾಜಹರಾವನ್ನೂ ನೋಡಿದರು. ಅದಿರು ಚೆನ್ನಾಗಿತ್ತು, ಆದರೆ ನೀರು, ಕಲ್ಲಿದ್ದಲು ಹತ್ತಿರ ಇರಲಿಲ್ಲ. ಗೋರುಮಹಿಸಾನಿಗೆ ಝರಿಯಾದ ಕಲ್ಲಿದ್ದಲು ಅಷ್ಟೇನೂ ದೂರವಲ್ಲ. ಪತ್ರ ಬರೆದ ಮೂರೇ ತಿಂಗಳಲ್ಲಿ ಜಮ್‌ಶೇಟ್‌ಜಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. 1907ರಲ್ಲಿ ಕಂಪನಿ ಹುಟ್ಟಿತು. ಸುವರ್ಣರೇಖಾ ಮತ್ತು ಖರ್ಕಾಯ್ ನದಿಗಳು ಸೇರುವಲ್ಲಿ, ಸಾಕ್ಚಿ ಎಂಬ ಹಳ್ಳಿಯ ಬಳಿ ಕಾರ್ಖಾನೆ ಎದ್ದಿತು. 1912ರಲ್ಲಿ ಅಲ್ಲಿಂದ ಉಕ್ಕು ಬಂತು. 1919ರಲ್ಲಿ ಆ ಊರು ಜಮ್‌ಶೆಡ್‌ಪುರ ಆಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ದೇಶಭಕ್ತಿಯ ಚಂದದ ಕತೆ. ನಾನು ನಿಲ್ಲಿಸಲಾರೆ. ಸಂಸ್ಥಾನದ ರಾಜರು ಗುತ್ತಿಗೆ ಕೊಟ್ಟರು, ಕಂಪನಿ ಪಡೆಯಿತು. ಆ ಸೀಮೆಯಲ್ಲಿ ತಲೆತಲಾಂತರದಿಂದ ಬದುಕಿದ್ದ ಹೋ, ಸಂತಾಲ್ ಜನರಿಗೆ ಆ ಮಾತುಕತೆಯಲ್ಲಿ ಜಾಗ ಎಲ್ಲಿತ್ತು? ಬಿಳಿಯರ ಕೈಯಿಂದ ಅನ್ಯಾಯ ಉಂಡ ಬೋಸ್‌ರ ಜ್ಞಾನವೂ ಕೊನೆಗೆ ಮೇಲಿನವರ ನಡುವೆಯೇ ಕೈ ಬದಲಾಯಿಸಿತು.

ಇದರಿಂದ ಬೋಸ್ ಚಿಕ್ಕವರಾಗಲ್ಲ. ಸ್ವದೇಶಿ ಚಳವಳಿಯ ಕಾಲದಲ್ಲಿ, 1906ರಲ್ಲಿ, ಕಲ್ಕತ್ತಾದಲ್ಲಿ ಬೆಂಗಾಲ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾದಾಗ ಅದರ ಮೊದಲ ಪ್ರಾಂಶುಪಾಲರಾದರು, ಗೌರವ ಹುದ್ದೆಯಲ್ಲಿ. ಇಂದಿನ ಜಾದವಪುರ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ತನಗೆ ಲಂಡನ್‌ನಲ್ಲಿ ಸಿಕ್ಕ ವಿದ್ಯೆ ಇಲ್ಲಿನ ಹುಡುಗರಿಗೆ ಇಲ್ಲೇ ಸಿಗಲಿ ಅನ್ನೋದು ಅವರ ಹಂಬಲ. ಇನ್ನೂ ವಿಚಿತ್ರ ಅಂದರೆ, ದೇಶಕ್ಕೆ ಉಕ್ಕಿನ ದಾರಿ ತೋರಿಸಿದ ಇದೇ ಮನುಷ್ಯ ಆಮೇಲೆ ಪಶ್ಚಿಮದ ಕೈಗಾರಿಕಾ ನಾಗರಿಕತೆಯನ್ನೇ ಅನುಮಾನಿಸಿ ಪುಸ್ತಕಗಳನ್ನು ಬರೆದರು. ಹಿಂದಿನದೆಲ್ಲ ಚೆನ್ನಾಗಿತ್ತು ಅನ್ನುವ ಅವರ ಕೆಲವು ವಾದಗಳನ್ನು ನಾನು ಒಪ್ಪಲ್ಲ. ಆದರೆ ತಾನು ಮಾಡಿದ ಕೆಲಸದ ಫಲವನ್ನು ತಾನೇ ಪ್ರಶ್ನಿಸುವ ಧೈರ್ಯ ಎಷ್ಟು ಎಂಜಿನಿಯರುಗಳಿಗಿದೆ?

ಅವರು ದಾಖಲಿಸಿದ್ದ ಆ ಇನ್ನೊಂದು ಬೆಟ್ಟದ ಅದಿರು ಸ್ವಾತಂತ್ರ್ಯ ಬಂದ ಮೇಲೆ ಭಿಲಾಯಿ ಉಕ್ಕು ಕಾರ್ಖಾನೆಗೆ ಹೋಯಿತು. ಅದೇ ದಲ್ಲಿ-ರಾಜಹರಾದಲ್ಲಿ 1977ರಲ್ಲಿ ಗುತ್ತಿಗೆ ಕಾರ್ಮಿಕರು ಶಂಕರ್ ಗುಹಾ ನಿಯೋಗಿ ಜೊತೆ ಸಂಘ ಕಟ್ಟಿದರು. ನಿಯೋಗಿಯನ್ನು 1991ರಲ್ಲಿ ಗುಂಡಿಟ್ಟು ಕೊಂದರು. ಬೋಸ್ ನಕ್ಷೆಯಲ್ಲಿ ಗುರುತು ಹಾಕಿ ನೂರು ವರ್ಷ ಕಳೆದರೂ ಆ ಬೆಟ್ಟದ ಪಾಲು ಯಾರಿಗೆ ಅನ್ನೋ ಜಗಳ ಮುಗಿದಿರಲಿಲ್ಲ.

ನಮ್ಮ ಕಡೆಯೂ ಮುಗಿದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಆಗ ನಾನಿನ್ನೂ ಶಾಲೆಯಲ್ಲಿದ್ದೆ, ಲಾರಿ ಸದ್ದು ನಿಂತದ್ದಷ್ಟೇ ಗೊತ್ತಾಗಿತ್ತು. ಈಗ ಲ್ಯಾಬಿನಲ್ಲಿ ನಮ್ಮದೇ ಬೆಟ್ಟದ ಕೆಂಪು ಪುಡಿಯನ್ನು ತೂಗುವಾಗ ಬೋಸ್ ನೆನಪಾಗ್ತಾರೆ. ಕಂಪನಿಗೆ ಸೇರ್ತೀನೋ ಇಲ್ಲವೋ ಗೊತ್ತಿಲ್ಲ. ಆದರೆ ಈ ಪುಡಿಯಲ್ಲಿ ಕಬ್ಬಿಣ ಎಷ್ಟಿದೆ, ಅದನ್ನು ತೆಗೆದ ಮೇಲೆ ಉಳಿಯುವ ಕೆಸರು ಎಲ್ಲಿ ಹೋಗುತ್ತೆ ಅಂತ ಊರಿನ ಗ್ರಾಮಸಭೆಯಲ್ಲಿ ನಿಂತು ಕನ್ನಡದಲ್ಲಿ ಹೇಳುವಷ್ಟಾದರೂ ಈ ಓದು ನನ್ನಿಂದ ಮಾಡಿಸಬೇಕು.